ಅಪ್ಪನ ಪಕ್ಕ ನಿಂತಿದ್ದವನು

ಬಸವೇಶ್ವರನಗರ
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಪದ್ದಣ್ಣನಿಗೆ,

ರಾಗಿಣಿಯ ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಏಳಲಿಲ್ಲ. ಅದಕ್ಕೇ ಆ ಸಾಲನ್ನು ಬಿಟ್ಟು ಶುರು ಮಾಡುತ್ತಿದ್ದೇನೆ. ನೀನು ಈ ವಾರ ತಿಂಡಿಯ ಹೊತ್ತಿಗೆ ಎದ್ದು ಕೂರುತ್ತಿದ್ದೀಯಂತೆ, ನಿನ್ನೆ ಉಪ್ಪಿಟ್ಟು ಕೇಳಿ ಇನ್ನೊಂದು ಸಲ ಹಾಕಿಸಿಕೊಂಡೆಯಂತೆ. ನಿನ್ನ ಚಿಕ್ಕ ತಂಗಿ ಕೋಕಿಲಾ ಫೋನ್ ಮಾಡಿ ಹೇಳಿದಳು. ಕೇಳಿ ಜೀವಕ್ಕೆ ಸ್ವಲ್ಪ ಸಮಾಧಾನವಾಯಿತು.

ಇದನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ನನ್ನ ಅಕ್ಷರ ನಿನಗೆ ಗೊತ್ತು. ತಪ್ಪಿದ ಕಡೆ ಹೊಡೆದು ಹಾಕಿ ಮುಂದೆ ಬರೆಯುತ್ತೇನೆ, ಚಿತ್ತು ಚಿತ್ತಾಗಿಯೇ ಇರಲಿ. ಕೆಲವು ಕಡೆ ನಿನಗೆ ಗೊತ್ತಿರುವ ಸಂಗತಿಯನ್ನೇ ಬರೆದಿರುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇದನ್ನು ಡಾಕ್ಟರೂ ಓದಬೇಕು, ಅವರಿಗೆ ಮೊದಲಿನಿಂದ ಅರ್ಥವಾಗಬೇಕು.

ಎಲ್ಲಕ್ಕಿಂತ ಮುಂಚೆ ಹೇಳಬೇಕಾದ ಮಾತು ಇದು. ಮೂರು ವರ್ಷದ ಹಿಂದೆ ಅಪ್ಪನ ಸಹಸ್ರಚಂದ್ರ ದರ್ಶನದ ಶಾಂತಿ ಮಾಡಿಸಿದೆವಲ್ಲ, ಆ ದಿನ ನೀನು ಛತ್ರದಲ್ಲಿದ್ದೆ. ಫೋಟೋ ತೆಗೆಯುವಾಗ ಅಪ್ಪನ ಕುರ್ಚಿಯ ಪಕ್ಕ ಹಸಿರು ಶರಟು ಹಾಕಿಕೊಂಡು ನಿಂತಿದ್ದೆ. ನಿನಗೆ ಜ್ವರ ಬಂದಿರಲಿಲ್ಲ. ನೀನು ಮನೆಯಲ್ಲಿ ಉಳಿದಿರಲಿಲ್ಲ. ನಿನ್ನ ನೆನಪು ಸರಿ. ನಾನು ಹೇಳಿದ್ದು ಸುಳ್ಳು.

ಇದನ್ನು ಎದುರು ಕೂತು ಹೇಳಿದಾಗ ನೀನು ನಂಬಲಿಲ್ಲ. ನಂಬದ ಹಾಗೆ ಮಾಡಿದವಳೂ ನಾನೇ. ಅದು ಹೇಗಾಯಿತು ಎಂದು ಬರೆಯುತ್ತೇನೆ.

ನನ್ನ ಕೆಲಸ ನಿನಗೆ ಗೊತ್ತಲ್ಲ. ರಾಜ್‌ಕುಮಾರ್ ರಸ್ತೆಯ ಸ್ಟುಡಿಯೋದವರು ಮದುವೆ, ಮುಂಜಿ, ನಾಮಕರಣದ ಫೋಟೋಗಳನ್ನು ಕಳಿಸುತ್ತಾರೆ, ನಾನು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಸರಿಮಾಡಿ ಆಲ್ಬಂ ಮಾಡಿಕೊಡುತ್ತೇನೆ. ಧಾರೆಯ ಹೊತ್ತಿನಲ್ಲಿ ಹಿಂದೆ ಆಕಳಿಸುತ್ತ ನಿಂತವರು, ಮಂಟಪಕ್ಕೆ ಅಡ್ಡ ಬಂದ ಅಡುಗೆಯವರು, ಮುನಿಸಿಕೊಂಡ ದಾಯಾದಿಗಳು, ಯಾರನ್ನು ತೆಗೆಯಿರಿ ಅಂದರೂ ತೆಗೆಯುತ್ತೇನೆ. ನಾನು ತೆಗೆದರೆ ಅಲ್ಲೊಬ್ಬರು ಇದ್ದರು ಎಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಸ್ಟುಡಿಯೋದಲ್ಲಿ ಹೆಸರಿದೆ. ಆ ಹೆಸರು ನನಗೆ ಇಷ್ಟವಾಗಿತ್ತು.

ನಿನ್ನ ಸಂಗತಿಯನ್ನೂ ಬರೆಯಬೇಕು. ಇಪ್ಪತ್ತಾರನೇ ವಯಸ್ಸಿನಲ್ಲಿ ನಿನಗೆ ಕಾಯಿಲೆ ಶುರುವಾಯಿತು. ಇಲ್ಲದ ದನಿ ಕೇಳಿಸುವುದು, ಆಗದೇ ಇದ್ದದ್ದು ಆಗಿದೆ ಅನ್ನಿಸುವುದು. ಸ್ಕಿಜೋಫ್ರೇನಿಯಾ ಎಂದರು. ಎರಡು ಸಲ ಆಸ್ಪತ್ರೆ ಆಯಿತು. ಆಮೇಲೆ ನೀನು ಒಂದು ದಿನವೂ ಮಾತ್ರೆ ತಪ್ಪಿಸಿದವನಲ್ಲ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಚನ್ನಕೇಶವ ಅವರ ಪ್ರೆಸ್ಸಿಗೆ ಹೋಗಿ ಲಗ್ನಪತ್ರಿಕೆಗಳ ಕರಡು ತಿದ್ದುವುದು, ಸಂಜೆ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ ಮನೆಗೆ ಬರುವುದು, ಹೀಗೆ ವರ್ಷಗಳೇ ಕಳೆದವು. ಏನಾದರೂ ಅನುಮಾನ ಬಂದರೆ ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡ, ನನ್ನನ್ನು ಕೇಳು ಎಂದು ನಾನೇ ನಿನಗೆ ಹೇಳಿದ್ದೆ. ನೀನು ಹಾಗೇ ಮಾಡುತ್ತಿದ್ದೆ. ಅಡುಗೆಮನೆ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳುತ್ತಿದ್ದೆ. “ರಾಗಿ, ಈಗ ಯಾರೋ ಕರೆದ್ರಾ?” ನಾನು ಇಲ್ಲ ಅಣ್ಣ ಅನ್ನುತ್ತಿದ್ದೆ. ಸರಿ ಅಂದು ಹೋಗುತ್ತಿದ್ದೆ. ನಾನು ಇದೆ ಅಂದದ್ದು ಇತ್ತು, ಇಲ್ಲ ಅಂದದ್ದು ಇರಲಿಲ್ಲ. ನಿನಗೆ ಅಷ್ಟು ಸಾಕಾಗುತ್ತಿತ್ತು.

ಹೋದ ವರ್ಷ ಮಲ್ಲೇಶ್ವರದ ಕಡೆಯಿಂದ ನನ್ನ ಮಗಳು ಸಿಂಚನಾಗೆ ಒಂದು ಸಂಬಂಧ ಬಂದು ತಪ್ಪಿಹೋಯಿತು. ಜಾತಕ ಕೂಡಲಿಲ್ಲ ಎಂದು ನಿನಗೆ ಹೇಳಿದ್ದೆವು. ಅದೂ ನಿಜವಲ್ಲ. ಅವರಿಗೆ ಯಾರೋ ನಿನ್ನ ಕಾಯಿಲೆಯ ಬಗ್ಗೆ ಹೇಳಿದ್ದರು. ಹುಡುಗನ ಅತ್ತೆ ನನಗೆ ಫೋನ್ ಮಾಡಿ, “ಮನೇಲಿ ಅಂಥದ್ದೆಲ್ಲ ಇದೆ ಅಂತ ಮುಂಚೇನೇ ಹೇಳ್ಬೇಕಿತ್ತು ನೀವು” ಅಂದರು. ನಾನು ಕ್ಷಮಿಸಿ ಅಂದೆ. ಯಾತಕ್ಕೆ ಕ್ಷಮಿಸಬೇಕಿತ್ತೋ ಅವರು.

ಈ ಆಗಸ್ಟಿನಲ್ಲಿ ವಿಜಯನಗರದ ಸುಘೋಷನ ಸಂಬಂಧ ಬಂತು. ಹುಡುಗ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಮೆತ್ತಗೆ ಮಾತಾಡುತ್ತಾನೆ. ಸಿಂಚನಾಗೆ ಇಷ್ಟವಾಗಿದ್ದಾನೆ ಎಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಅವನ ತಾಯಿ ಮಾಲವಿಕಾ ಅವರು ಮನೆಯವರೆಲ್ಲ ಇರುವ ಒಂದು ಫೋಟೋ ಕಳಿಸಿ ಅಂದರು. ಅಪ್ಪ ಅಮ್ಮ ಇಬ್ಬರೂ ಇರುವ ಒಳ್ಳೆಯ ಫೋಟೋ ಅಂದರೆ ಸಹಸ್ರಚಂದ್ರದ್ದೇ. ನಮ್ಮ ಹಾಲಿನ ಗೋಡೆಯ ಮೇಲಿದ್ದದ್ದೂ ಅದೇ.

ಒಂದು ಮಧ್ಯಾಹ್ನ, ನೀನು ಪ್ರೆಸ್ಸಿಗೆ ಹೋದಾಗ, ಕೂತೆ. ಸಾಲಿನ ಕೊನೆಯಲ್ಲಿ ನೀನಿದ್ದೆ. ಕೊನೆಯಲ್ಲಿ ಇರುವವರನ್ನು ತೆಗೆಯುವುದು ಸುಲಭ ಅಂದುಕೊಳ್ಳುತ್ತಾರೆ. ಆದರೆ ಅಪ್ಪನ ಎಡಗೈ ನಿನ್ನ ಮಣಿಕಟ್ಟನ್ನು ಹಿಡಿದಿತ್ತು. ನಿನ್ನ ಅಂಚನ್ನು ಗುರುತು ಮಾಡುತ್ತ ಬಂದೆ. ತಲೆ, ಕಿವಿ, ಹೆಗಲು, ಮೊಣಕೈ. ನಿನ್ನನ್ನು ತೆಗೆದ ಜಾಗಕ್ಕೆ ಅದೇ ದಿನದ ಬೇರೆ ಫೋಟೋದಿಂದ ಛತ್ರದ ಗೋಡೆಯನ್ನೂ ಬಾಳೆಕಂಬವನ್ನೂ ತಂದು ತುಂಬಿದೆ. ನೆಲದ ಮೇಲೆ ನಿನ್ನ ನೆರಳು ಉಳಿದಿತ್ತು, ಅದನ್ನೂ ಅಳಿಸಿದೆ. ಕೊನೆಗೆ ಅಪ್ಪನ ಕೈ ಒಂದು ಉಳಿಯಿತು, ಏನನ್ನೂ ಹಿಡಿಯದೆ ಬೆರಳು ಮಡಚಿಕೊಂಡು. ಅದನ್ನು ಹಾಗೆ ಬಿಡುವಂತಿರಲಿಲ್ಲ. ಅಪ್ಪ ವರಾಂಡದಲ್ಲಿ ಪೇಪರ್ ಓದುತ್ತ ಕೂತ ಹಳೆಯ ಫೋಟೋ ಒಂದಿತ್ತು. ಅದರಲ್ಲಿ ಕುರ್ಚಿಯ ತೋಳಿನ ಮೇಲಿಟ್ಟಿದ್ದ ಕೈಯನ್ನು ಬಿಡಿಸಿಕೊಂಡು ಬಂದು ಇಲ್ಲಿ ಕೂರಿಸಿ ಬಣ್ಣ ಹೊಂದಿಸಿದೆ.

ದೊಡ್ಡದು ಮಾಡಿ ನೋಡಿದೆ, ಕೆಲಸ ಚೊಕ್ಕವಾಗಿದೆ ಅನ್ನಿಸಿ ಖುಷಿಯೇ ಆಯಿತು ಅಣ್ಣ. ಎದ್ದು ಕಾಫಿ ಮಾಡಿಕೊಂಡು ಕುಡಿದೆ. ನಮ್ಮ ಮನೆಯವರು ಸಂಜೆ ಬಂದು ನೋಡಿ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ, ಟಿವಿ ಹಾಕಿಕೊಂಡರು. ಸಿಂಚನಾಗೆ ಇದೊಂದೂ ಗೊತ್ತಿಲ್ಲ. ಅವಳು ಆಫೀಸಿಗೆ ಹೋಗಿದ್ದಳು. ಅವಳ ಮೇಲೆ ನೀನು ಬೇಜಾರು ಮಾಡಿಕೊಳ್ಳಬಾರದು.

ಹುಡುಗನ ಮನೆಯವರು ಹೆಣ್ಣು ನೋಡಲು ಬರುವ ಮುಂಚೆ ಕೋಕಿಲಾ ಮನೆಯಲ್ಲಿ ಪೇಂಟಿಂಗ್ ಇದೆ, ಜೊತೆಗೊಬ್ಬರು ಬೇಕಂತೆ ಎಂದು ನಿನ್ನನ್ನು ಕೆಂಗೇರಿಗೆ ಕಳಿಸಿದ್ದು ನೆನಪಿರಬೇಕು. ಪೇಂಟಿಂಗ್ ಇರಲಿಲ್ಲ ಎಂದು ನಿನಗೆ ಅಲ್ಲಿಗೆ ಹೋದಮೇಲೆ ತಿಳಿಯಿತು, ಆದರೂ ಬಂದು ನನ್ನನ್ನು ಕೇಳಲಿಲ್ಲ. ಆ ಹೊತ್ತಿನಲ್ಲೇ ಗೋಡೆಯ ಮೇಲಿನ ಫೋಟೋ ತೆಗೆದು, ಹೊಸದನ್ನು ಪ್ರಿಂಟ್ ಹಾಕಿಸಿ ಅದೇ ಚೌಕಟ್ಟಿಗೆ ಹಾಕಿದೆ. ಅವರು ಬಂದರು, ನೋಡಿದರು, ಒಪ್ಪಿದರು. ನೀನು ಮನೆಗೆ ಬಂದೆ. ಅವರು ಯಾವಾಗ ಬೇಕಾದರೂ ಮತ್ತೆ ಬರಬಹುದು ಎಂದು ಫೋಟೋವನ್ನು ಹಾಗೇ ಬಿಟ್ಟೆ.

ಮಾಲವಿಕಾ ಅವರು ಬಂದೇ ಬಂದರು, ಯಾವುದೋ ದೇವಸ್ಥಾನದ ಪ್ರಸಾದ ಹಿಡಿದುಕೊಂಡು, ಹೇಳದೆ ಕೇಳದೆ. ನೀನು ಪ್ರೆಸ್ಸಿಗೆ ಹೊರಟು ನಿಂತಿದ್ದೆ. ಅವರಿಗೆ ಕೈ ಮುಗಿದೆ. ಅವರು ನನ್ನ ಮುಖ ನೋಡಿದರು. ನಾನು “ನಮ್ಮ ಕಡೆಯವರು, ಊರಿಂದ ಬಂದಿದಾರೆ” ಅಂದೆ. ನೀನು ನನ್ನ ಕಡೆ ನೋಡಲಿಲ್ಲ, ಗೋಡೆ ನೋಡುತ್ತಿದ್ದೆ. ಆಮೇಲೆ ಕೇಳಿದೆ.

“ರಾಗಿ, ಈ ಫೋಟೋದಲ್ಲಿ ನಾನಿದ್ದೆ ಅಲ್ವಾ? ಇಲ್ಲೇ ಪಕ್ಕದಲ್ಲಿ?”

ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆಯಲ್ಲ, ಅದೇ ಮೆಲುದನಿ. ನಾನು “ಇಲ್ಲಣ್ಣ, ಅವತ್ತು ನಿಂಗೆ ಜ್ವರ, ಮನೇಲೇ ಇದ್ದೆ” ಅಂದೆ. ನೀನು “ಹೌದಾ, ಸರಿ” ಅಂದು ಚಪ್ಪಲಿ ಹಾಕಿಕೊಂಡು ಹೋದೆ. ನಾನು ಮಾಲವಿಕಾ ಅವರಿಗೆ ಕಾಫಿ ಬೆರೆಸಲು ಒಳಗೆ ಹೋದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆ ತಿಂಗಳು ಡಾಕ್ಟರ ಹತ್ತಿರ ಹೋದಾಗ ನೀನೇ ಹೇಳಿದೆ. “ಡಾಕ್ಟ್ರೇ, ನಮ್ಮಪ್ಪನ ಶಾಂತಿ ದಿನ ನಾನು ಅವರ ಪಕ್ಕ ನಿಂತಿದ್ದು ಚೆನ್ನಾಗಿ ನೆನಪಿದೆ. ಆದ್ರೆ ನಾನು ಹೋಗೇ ಇರ್ಲಿಲ್ಲವಂತೆ.” ಡಾಕ್ಟರು ನನ್ನನ್ನು ನೋಡಿದರು. “ಹೌದಾಮ್ಮಾ?” ಅಂದರು. ನೀನು ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದೆ. ಅಲ್ಲಿ ಮಾಲವಿಕಾ ಅವರಿರಲಿಲ್ಲ, ಬೇರೆ ಯಾರೂ ಇರಲಿಲ್ಲ, ನಿಜ ಹೇಳಿದ್ದರೆ ಯಾವ ಮದುವೆಯೂ ನಿಲ್ಲುತ್ತಿರಲಿಲ್ಲ. ಆದರೂ ನನಗೆ ಆ ಡಾಕ್ಟರ ಮುಂದೆ ಸುಳ್ಳುಗಾತಿ ಅನ್ನಿಸಿಕೊಳ್ಳಲು ನಾಚಿಕೆಯಾಯಿತು. “ಹೌದು ಡಾಕ್ಟ್ರೇ, ಬಂದಿರ್ಲಿಲ್ಲ” ಅಂದೆ. ಅವರು ಹೊಸ ಮಾತ್ರೆ ಬರೆದರು, ಇದ್ದ ಮಾತ್ರೆಯನ್ನು ಹೆಚ್ಚು ಮಾಡಿದರು.

ಆಮೇಲಿನದ್ದು ನಿನ್ನ ಮೈಮೇಲೆ ಬಂದದ್ದು, ನಾನು ಬರೆಯಬೇಕಾಗಿಲ್ಲ. ಡಾಕ್ಟರಿಗಾಗಿ ಬರೆಯುತ್ತೇನೆ. ಬೆಳಗ್ಗೆ ಎಬ್ಬಿಸಿದರೂ ಏಳುತ್ತಿರಲಿಲ್ಲ. ಲೋಟ ಹಿಡಿದರೆ ಕಾಫಿ ತುಳುಕುತ್ತಿತ್ತು. ಚನ್ನಕೇಶವ ಅವರು ಫೋನ್ ಮಾಡಿದರು, “ಮೇಡಂ, ಪದ್ಮನಾಭ ಅವರು ಒಂದೇ ಪತ್ರಿಕೆ ಹಿಡ್ಕೊಂಡು ಬೆಳಗ್ಗಿಂದ ಕೂತಿದಾರೆ. ಸರಿಯಿದೆ ಸಾರ್ ಅಂದ್ರೆ, ಸರಿಯಿದೆ ಅಂತ ನಂಗೆ ಕಾಣ್ತಿದೆ, ನೀವೊಂದ್ಸಲ ನೋಡಿ ಅಂತಾರೆ” ಅಂದರು. ಮಾರನೆಯ ದಿನದಿಂದ ನೀನು ಹೋಗಲಿಲ್ಲ. ನಿಶ್ಚಿತಾರ್ಥದ ಓಡಾಟದಲ್ಲಿ ನಿನ್ನನ್ನು ನೋಡಿಕೊಳ್ಳಲು ಆಗುತ್ತಿಲ್ಲ ಎಂದು ಕೋಕಿಲಾಗೆ ಹೇಳಿದೆ. ಅವಳು ಬಂದು ಕೆಂಗೇರಿಗೆ ಕರೆದುಕೊಂಡು ಹೋದಳು.

ನೀನು ಅವಳಿಗೂ ಅದನ್ನೇ ಹೇಳಿದೆಯಂತೆ, ಅಪ್ಪನ ಶಾಂತಿಗೆ ನಾನು ಹೋಗಿರಲಿಲ್ಲ, ಹೋದ ಹಾಗೆ ಅನ್ನಿಸುತ್ತದೆ ಅಷ್ಟೆ ಎಂದು. ಆ ದಿನ ಕೋಕಿಲಾ ಅವಳ ಅತ್ತೆಯ ಆಪರೇಷನ್ ಎಂದು ಮೈಸೂರಿನಲ್ಲಿದ್ದಳು, ಛತ್ರಕ್ಕೆ ಬಂದಿರಲಿಲ್ಲ. ಆದರೆ ಅಪ್ಪ ಛತ್ರದಿಂದಲೇ ಅವಳ ಜೊತೆ ಫೋನಿನಲ್ಲಿ ಮಾತಾಡಿದ್ದರು. ಅವಳು ನನಗೆ ಫೋನ್ ಮಾಡಿ, “ಪದ್ದು ನನ್ನ ಪಕ್ಕದಲ್ಲೇ ಇದಾನೆ, ಮಾತಾಡ್ತೀಯಾ ಅಂದ್ರಲ್ಲ ಅಪ್ಪ. ಏನು ನಡೀತಿದೆ ಅಕ್ಕ?” ಎಂದು ಕೇಳಿದಳು. ಮೊದಲು ಅವಳಿಗೂ ಏನೋ ಹೇಳಿ ಜಾರಿಕೊಂಡೆ. ಅವಳು ಬಿಡಲಿಲ್ಲ. ಹೇಳಿಬಿಟ್ಟೆ. ಎಲ್ಲ ಕೇಳಿ, “ನಾಳೆ ನೀನು ಡಾಕ್ಟರ ಹತ್ರ ಹೋಗ್ತೀಯ. ಇಲ್ಲಾಂದ್ರೆ ನಾನು ಹೋಗ್ತೀನಿ” ಅಂದಳು.

ಹೋದೆ. ಡಾಕ್ಟರು ಬಯ್ಯಲಿಲ್ಲ. ಪೆನ್ನಿಗೆ ಕ್ಯಾಪು ಹಾಕಿ ಮೇಜಿನ ಮೇಲಿಟ್ಟರು. “ಅವರು ಸರಿಯಾಗೇ ಇದ್ರಲ್ಲಮ್ಮ” ಅಂದರು. ಅಷ್ಟೇ. ಮಾತ್ರೆಯನ್ನು ನಿಧಾನವಾಗಿ ಇಳಿಸೋಣ, ಒಮ್ಮೆಲೇ ನಿಲ್ಲಿಸಬಾರದು ಎಂದು ಬರೆದುಕೊಟ್ಟರು. ನಿಜವನ್ನು ಮಾತ್ರ ನೀವೇ ಅವರಿಗೆ ಹೇಳಬೇಕು ಅಂದರು.

ಅಲ್ಲಿಂದ ಮನೆಗೆ ಬರಲಿಲ್ಲ. ಸೀದಾ ಮಾಲವಿಕಾ ಅವರ ಮನೆಗೆ ಹೋದೆ. ಫೋಟೋದ ವಿಷಯ, ನಿನ್ನ ವಿಷಯ, ಎಲ್ಲ ಹೇಳಿದೆ. ಅವರು ಸೋಫಾದ ತುದಿಯಲ್ಲಿ ಕೂತು ಕೇಳಿದರು. “ಕಾಯಿಲೆ ಇದೆ ಅಂತ ಮುಂಚೇನೇ ಹೇಳಿದ್ರೆ ಯೋಚನೆ ಮಾಡ್ತಿದ್ವಿ. ಬೇಡ ಅಂತಾನೂ ಅಂತಿದ್ವೇನೋ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅವತ್ತು ಅವರು ನಂಗೆ ಕೈ ಮುಗಿದ್ರು, ನಿಮ್ಮನ್ನ ಒಂದು ಮಾತು ಕೇಳಿದ್ರು. ನಾನು ಯಾರೋ ಏನೋ ಅಂತ ಪ್ರಸಾದ ಕೂಡ ಕೊಡ್ಲಿಲ್ಲ. ನನ್ನನ್ನೂ ಅದ್ರಲ್ಲಿ ಸೇರಿಸ್ಬಿಟ್ರಲ್ಲ ನೀವು” ಅಂದರು. ಎರಡು ದಿನದ ಮೇಲೆ, ಸದ್ಯಕ್ಕೆ ಬೇಡ ಎಂದು ಹೇಳಿಕಳಿಸಿದರು.

ಈ ಸಂಬಂಧ ತಪ್ಪಿದ್ದು ನಿನ್ನಿಂದಲ್ಲ. ಇದನ್ನು ನೀನು ಎರಡು ಸಲ ಓದು. ತಪ್ಪಿದ್ದು ನನ್ನಿಂದ.

ಆ ಭಾನುವಾರ ಕೆಂಗೇರಿಗೆ ಬಂದೆ. ಗೋಡೆಯಿಂದ ತೆಗೆದು ಬೀರುವಿನ ಹಿಂದೆ ಇಟ್ಟಿದ್ದ ಹಳೆಯ ಫೋಟೋವನ್ನೂ ತಂದಿದ್ದೆ. ನೀನು ಕಿಟಕಿಯ ಹತ್ತಿರ ಕೂತಿದ್ದೆ. ನಿನ್ನ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ನೀನು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದೆ. ನಿನ್ನ ಮುಖವನ್ನು ಬೆರಳಿನಿಂದ ಮುಟ್ಟಿದೆ, ಅಂಚಿನ ಗುಂಟ. ಆಮೇಲೆ ನಕ್ಕು ಹೇಳಿದೆ.

“ಚೆನ್ನಾಗಿ ಕೂರಿಸಿದೀಯ ಕಣೇ. ಅಂಟಿಸಿದ್ದು ಅಂತ ಗೊತ್ತೇ ಆಗಲ್ಲ.”

ನಾನು ಅಂಟಿಸಿದ್ದಲ್ಲ ಅಣ್ಣ, ಇದೇ ನಿಜವಾದದ್ದು ಅಂದೆ. ಕೋಕಿಲಾನೂ ಹೇಳಿದಳು. ನೀನು ನನ್ನ ತಲೆ ಸವರಿ, “ನಂಗೆ ಬೇಜಾರಾಗ್ಬಾರ್ದು ಅಂತ ಇಷ್ಟೆಲ್ಲ ಮಾಡ್ಬೇಡ ರಾಗಿ. ಇರ್ಲಿಲ್ಲ ಅಂದ್ರೆ ಇರ್ಲಿಲ್ಲ. ನಾನು ಒಪ್ಕೊಂಡಾಯ್ತು” ಅಂದೆ. ನನ್ನನ್ನು ಸಮಾಧಾನ ಮಾಡಿದೆ ನೀನು. ನಾನು ವಾಪಸು ಬರುವಾಗ ಮೆಟ್ರೋದಲ್ಲಿ ಜನ ನೋಡುವಷ್ಟು ಅತ್ತೆ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು “ಆಂಟಿ, ನೀರು ಕುಡೀತೀರಾ” ಎಂದು ಬಾಟಲಿ ಕೊಟ್ಟಳು. ತೆಗೆದುಕೊಳ್ಳಲೂ ನಾಚಿಕೆಯಾಯಿತು.

ಅಂದಿನಿಂದ ಒಂದೇ ಯೋಚನೆ. ನಾನು ಯಾವ ಫೋಟೋ ತೋರಿಸಿದರೂ ನೀನು ನಂಬುವುದಿಲ್ಲ. ಹಾಗಾದರೆ ಫೋಟೋದಲ್ಲಿ ಬರದೇ ಇದ್ದದ್ದು ಏನಾದರೂ ಇದೆಯೇ, ಆ ದಿನ ನಾನು ಕಣ್ಣಾರೆ ಕಂಡದ್ದು, ನೀನಾಗಲಿ ನಾನಾಗಲಿ ಯಾರಿಗೂ ಹೇಳದೇ ಇದ್ದದ್ದು. ಇಂದು ಬೆಳಗ್ಗೆ ಪಾತ್ರೆ ತೊಳೆಯುತ್ತಿದ್ದಾಗ ನೆನಪಾಯಿತು. ಕೈ ಒರೆಸಿಕೊಂಡು ಬಂದು ಈ ಪತ್ರಕ್ಕೆ ಕೂತೆ.

ಊಟದ ಮೊದಲ ಪಂಕ್ತಿ ಎದ್ದ ಮೇಲೆ ಲೋಟ ಸಾಲದು ಎಂದು ನಾನು ಛತ್ರದ ಹಿಂಭಾಗಕ್ಕೆ ಹೋದೆ. ನೀರಿನ ಡ್ರಮ್ಮುಗಳ ಹಿಂದೆ ಇದ್ದೆ, ನಿಮಗೆ ಕಾಣುತ್ತಿರಲಿಲ್ಲ. ನೀನು ಅಪ್ಪನನ್ನು ಉಗ್ರಾಣದ ಪಕ್ಕದ ಕಲ್ಲಿನ ಮೇಲೆ ಕೂರಿಸಿದ್ದೆ. ಸಕ್ಕರೆ ಕಾಯಿಲೆ ಎಂದು ಎಲೆಗೆ ಒಬ್ಬಟ್ಟು ಬಡಿಸಬೇಡಿ ಅಂತ ಅಮ್ಮ ಎಲ್ಲರಿಗೂ ಹೇಳಿದ್ದಳಲ್ಲ. ನೀನು ಬಾಳೆಎಲೆಯ ಚೂರಿನಲ್ಲಿ ಸುತ್ತಿಕೊಂಡು ಬಂದಿದ್ದ ಒಬ್ಬಟ್ಟನ್ನು ಬಿಚ್ಚಿ ಕೊಟ್ಟೆ. ಅಪ್ಪ ಸಣ್ಣ ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ತಿಂದರು. ತಿಂದಾದ ಮೇಲೆ ನಿನ್ನ ಕರ್ಚೀಫಿನಲ್ಲಿ ತುಪ್ಪದ ಬೆರಳು ಒರೆಸಿಕೊಂಡು, “ನಿಮ್ಮಮ್ಮಂಗೆ ಹೇಳ್ಬೇಡ ಕಣೋ ಪದ್ದು” ಅಂದರು. ನೀನು ಯಾರಿಗೂ ಹೇಳಲ್ಲ ಅಪ್ಪ ಅಂದೆ. ಹೇಳಲೂ ಇಲ್ಲ. ಅಪ್ಪ ಹೋದರು, ಅಮ್ಮನೂ ಹೋದಳು, ಆಗಲೂ ಹೇಳಲಿಲ್ಲ. ನಾನೂ ಲೋಟ ತೆಗೆದುಕೊಂಡು ಸದ್ದಿಲ್ಲದೆ ಬಂದುಬಿಟ್ಟಿದ್ದೆ.

ನೀನು ಅಲ್ಲಿರದೇ ಇದ್ದರೆ ಇದು ನನಗೆ ಹೇಗೆ ಗೊತ್ತಾಗಬೇಕು ಅಣ್ಣ? ನಿನ್ನ ನೆನಪಿನಲ್ಲಿ ಇದಿದ್ದರೆ, ಅದು ನಡೆದದ್ದು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಚಳಿ ಶುರುವಾಗಿದೆ. ನಿನ್ನ ಸ್ವೆಟರು, ಎರಡು ಶಾಲು, ರೇಡಿಯೋ, ಕಪ್ಪು ಬೂಟು, ಓದುವ ಕನ್ನಡಕ ಎಲ್ಲವನ್ನೂ ಬ್ಯಾಗಿಗೆ ತುಂಬಿ ನಮ್ಮ ಮನೆಯವರ ಕೈಯಲ್ಲಿ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ನಿನ್ನ ಕೋಣೆಯನ್ನು ಗುಡಿಸಿ ಒರೆಸಿ ಚೊಕ್ಕ ಮಾಡಿಟ್ಟಿದ್ದೇನೆ. ಕೋಕಿಲಾ ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಕೆಂಗೇರಿಯ ಗಾಳಿಯೂ ಒಳ್ಳೆಯದು. ಡಾಕ್ಟರು ಹೇಳಿದ ಲೆಕ್ಕದಲ್ಲೇ ಮಾತ್ರೆ ತೆಗೆದುಕೋ, ನೀನಾಗಿ ಬಿಡಬೇಡ.

ನಿನ್ನ ತಂಗಿ,
ರಾಗಿಣಿ

ಮಾವ, ಇದು ನಾನು, ಸಿಂಚನಾ. ಕವರು ಅಂಟಿಸುವ ಮುಂಚೆ ಅಮ್ಮ ಓದಲು ಕೊಟ್ಟಳು. ನನ್ನ ಬಗ್ಗೆ ಬರೆದ ಸಾಲನ್ನು ಹೊಡೆದುಹಾಕು ಅಂದೆ, ಅವಳು ಒಪ್ಪಲಿಲ್ಲ. ಅದಕ್ಕೇ ಕೆಳಗೆ ನಾನೇ ಬರೆಯುತ್ತಿದ್ದೇನೆ. ಆ ದಿನ ನಾನು ಆಫೀಸಿಗೆ ಹೋಗಿರಲಿಲ್ಲ. ಅಮ್ಮನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದೆ. ಈ ಫೋಟೋ ಆರಿಸಿದ್ದೂ ನಾನು, ನೀವು ತುದಿಯಲ್ಲಿದ್ದೀರಿ ಎಂದು. ತಾತನ ಹೆಗಲ ಹತ್ತಿರ ಹಸಿರು ಇನ್ನೂ ಸ್ವಲ್ಪ ಉಳಿದಿದೆ ಎಂದು ಬೆರಳಿಟ್ಟು ತೋರಿಸಿದ್ದೂ ನಾನೇ. ನಿನಗೆ ಮೊದಲೇ ಗೊತ್ತಿತ್ತಾ ಎಂದು ಸುಘೋಷ್ ಫೋನ್ ಮಾಡಿ ಕೇಳಿದಾಗ ಇಲ್ಲ ಅಂದೆ. ಎಲ್ಲವನ್ನೂ ಅಮ್ಮನ ತಲೆಗೆ ಕಟ್ಟಿದೆ.

*

ಕೆಂಗೇರಿ ಉಪನಗರ
೧೪ ನವೆಂಬರ್ ೨೦೨೫, ಶುಕ್ರವಾರ

ರಾಗಿಣಿಗೆ,

ಆಶೀರ್ವಾದ. ನಿನ್ನ ಪತ್ರವೂ ಬ್ಯಾಗೂ ತಲುಪಿದವು. ನಿಮ್ಮ ಯಜಮಾನರು ಒಳಗೆ ಬರದೆ ಗೇಟಿನಲ್ಲೇ ಕೊಟ್ಟು ಹೋದರು. ಕೈ ಇನ್ನೂ ನಡುಗುತ್ತದೆ, ಅಕ್ಷರ ವಕ್ರವಾಗಿದ್ದರೆ ಸುಧಾರಿಸಿಕೊಂಡು ಓದು.

ಒಬ್ಬಟ್ಟಿನ ವಿಷಯ ಬರೆದಿದ್ದೀಯ. ಅದರಲ್ಲಿ ಒಂದು ತಪ್ಪಿದೆ. ಅಪ್ಪ ತಿಂದದ್ದು ಎರಡು. ಮೊದಲನೆಯದು ಮುಗಿಸಿ, ಇನ್ನೊಂದು ಇದೆಯೇನೋ ಅಂದರು. ನನ್ನ ಜೇಬಿನಲ್ಲಿತ್ತು. ಆ ಹೊತ್ತಿಗೆ ನೀನು ಲೋಟ ತೆಗೆದುಕೊಂಡು ಹೋಗಿರಬೇಕು. ನೀನು ಒಂದು ಎಂದು ಬರೆದದ್ದನ್ನು ಓದಿದ ಕೂಡಲೇ ನಾನು “ಅಲ್ಲ, ಎರಡು” ಅಂದೆನಂತೆ, ಗಟ್ಟಿಯಾಗಿ. ಕೋಕಿಲಾ ಅಡುಗೆಮನೆಯಿಂದ ಓಡಿ ಬಂದಳು. ಎರಡು ಎಂದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಹಾಗಾಗಿ ನಾನು ಅಲ್ಲಿದ್ದೆ.

ನನ್ನ ಕಾಯಿಲೆ ನನಗೆ ಅಭ್ಯಾಸವಾಗಿದೆ ರಾಗಿ. ಇಲ್ಲದ್ದು ಇದೆ ಅನ್ನಿಸಿದರೆ ನಿನ್ನನ್ನು ಕೇಳುತ್ತಿದ್ದೆ, ಮುಗಿಯುತ್ತಿತ್ತು. ಈ ಎರಡು ತಿಂಗಳು ಇದ್ದದ್ದೇ ಇಲ್ಲ ಅನ್ನಿಸಿತು. ಅಪ್ಪ ಮಣಿಕಟ್ಟು ಹಿಡಿದದ್ದು ಸುಳ್ಳಾದರೆ, ಅಪ್ಪ ಇನ್ನೇನೇನು ಮಾಡಲಿಲ್ಲವೋ ಎಂದು ಕೂತು ಒಂದೊಂದೇ ನೆನಪನ್ನು ಬಿಡುತ್ತ ಬಂದೆ. ಸೈಕಲ್ ಕಲಿಸಿದ್ದು, ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಬೆಂಚಿನ ಮೇಲೆ ಕೂತದ್ದು. ಅದನ್ನೆಲ್ಲ ಈಗ ವಾಪಸು ತಂದುಕೊಳ್ಳುತ್ತಿದ್ದೇನೆ. ಸಮಯ ಹಿಡಿಯುತ್ತದೆ.

ನಿನ್ನ ಮೇಲೆ ಕೋಪವಿದೆ. ಬುಧವಾರ ತುಂಬಾ ಬಂತು, ತಟ್ಟೆ ತಳ್ಳಿಬಿಟ್ಟೆ. ಕೋಕಿಲಾ ಬಯ್ಯಲಿಲ್ಲ, ಅವಳಿಗೆ ಖುಷಿಯಾದ ಹಾಗೆ ಕಂಡಿತು. ಡಾಕ್ಟರೂ ಪತ್ರ ಓದಿದರು. ಕೋಪ ಬರಲಿ ಅಂದರು.

ಸಿಂಚನಾಗೆ ಹೇಳು, ಅವಳು ಬರೆದದ್ದನ್ನು ಓದಿದೆ. ನನಗೆ ಹೇಳಿದ್ದನ್ನು ಆ ಹುಡುಗನಿಗೂ ಹೇಳಲಿ. ಮದುವೆ ಆಗಲೆಂದು ಅಲ್ಲ. ಅವನು ಕೇಳಿದ್ದಾನೆ, ಅದಕ್ಕೆ.

ಸೋಮವಾರದಿಂದ ವಾರಕ್ಕೆ ಎರಡು ದಿನ ಪ್ರೆಸ್ಸಿಗೆ ಬರಲು ಚನ್ನಕೇಶವ ಹೇಳಿದ್ದಾರೆ. ಕೆಂಗೇರಿಯಿಂದ ಮೆಟ್ರೋದಲ್ಲಿ ಹೋಗಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರೆ ರಾಜಾಜಿನಗರ. ಕೋಕಿಲಾ ಮೊದಲ ದಿನ ಜೊತೆಗೆ ಬರುತ್ತಾಳಂತೆ.

ಇಂತಿ,
ಪದ್ಮನಾಭ

ಮತ್ತೆ: ನಿನ್ನ ಪತ್ರವನ್ನು ಕರಡು ನೋಡುವ ಹಾಗೆ ಸಾಲು ಸಾಲಾಗಿ ಮತ್ತೊಮ್ಮೆ ಓದಿದೆ. ಸ್ವೆಟರು, ಶಾಲು, ಬೂಟು ಎಲ್ಲ ಇದೆ, ಕೋಣೆ ಚೊಕ್ಕ ಮಾಡಿದ್ದೂ ಇದೆ. ಮನೆಗೆ ಬಾ ಎಂದು ಎಲ್ಲೂ ಇಲ್ಲ. ಬರೆಯುವಾಗ ಕೈತಪ್ಪಿ ಬಿಟ್ಟುಹೋಗಿರಬಹುದು ಎಂದು ಕೋಕಿಲಾಗೆ ಹೇಳಿದ್ದೇನೆ.